ಫ್ಲೈಟ್‌ಗಿಯರ್: ಬಿಚ್ಚಿ ನೋಡಬಹುದಾದ ವಿಮಾನ

ಕಂಪ್ಯೂಟರಿನಲ್ಲೇ ವಿಮಾನ ಹಾರಿಸಲು ಬಿಡುವ, ಕಾಸು ಕೇಳದ ಈ ಸಿಮ್ಯುಲೇಟರ್ 1990ರ ದಶಕದಿಂದಲೂ ಸ್ವಯಂಸೇವಕರ ಕೈಯಲ್ಲಿ ಬೆಳೆಯುತ್ತಿದೆ. ಕಣ್ಣು ಕುಕ್ಕುವ ದೃಶ್ಯವೇ ಬೇಕೆನ್ನುವವರು ಬೇರೆ ಕಡೆ ನೋಡಲಿ. ನನಗೆ ಹಿಡಿಸಿದ್ದು ಇದರ ಹೊಟ್ಟೆಯೊಳಗಿನ ಸಂಸಾರ. ಸೆಸ್ನಾ 172 ಎಂಬ ಪುಟ್ಟ ವಿಮಾನದ ಅಳತೆಗಳನ್ನು ಬರೆದಿಟ್ಟ ಎಕ್ಸ್‌ಎಂಎಲ್ ಕಡತ ತೆರೆದು, ರೆಕ್ಕೆಯ ವಿಸ್ತೀರ್ಣವನ್ನು 174 ಚದರ ಅಡಿಯಿಂದ 120ಕ್ಕೆ ಇಳಿಸಿದೆ. ಅಷ್ಟೇ! ಸಾಧು ಹಸುವಿನಂತಿದ್ದ ವಿಮಾನ ಬಜ್ಪೆಯ ರನ್‌ವೇ ಬಿಟ್ಟು ಮೇಲೇಳಲು ಹೆಚ್ಚು ವೇಗ ಬೇಡಿತು. ಇಳಿಯುವಾಗ ಹಳೆಯ ಅಭ್ಯಾಸದಂತೆ ವೇಗ ತಗ್ಗಿಸಿದ್ದೇ ತಡ, ಕಲ್ಲಿನಂತೆ ಕುಸಿಯಿತು. ತಪ್ಪು ನನ್ನದೇ; ಹಾರಾಟದ ಭೌತಶಾಸ್ತ್ರವನ್ನು ಲೆಕ್ಕ ಹಾಕುವ ಜೆಎಸ್‌ಬಿಸಿಮ್ ಎಂಬ ಒಳಭಾಗದ ಲೆಕ್ಕ ಸರಿಯಾಗಿಯೇ ಇತ್ತು. ಇಂಥ ತಿದ್ದುಪಡಿಗೆ ಕಂಪೈಲ್ ಮಾಡುವ, ಅಂದರೆ ಸಂಕೇತವನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ಮತ್ತೆ ತರುವ, ಗೋಜಿಲ್ಲ. ಮೂಲ ಸಿ++ ಸಂಕೇತವನ್ನು ಮುಟ್ಟುವವರು ಮಾತ್ರ ಒಂದು ಭಾನುವಾರವನ್ನು ಎತ್ತಿಡಬೇಕು. ನನ್ನ ಮುದಿ ಲ್ಯಾಪ್‌ಟಾಪ್‌ನಲ್ಲಂತೂ ಮೂರು ಲೋಟ ಕಾಫಿ ಮುಗಿದರೂ ಕಂಪೈಲ್ ಮುಗಿದಿರಲಿಲ್ಲ.