ನಾಲ್ಕು ವರ್ಷದ 50 ಎಂಎಂ: ಗೊಂಬೆಗೆ ತಗೊಂಡೆ, ದೊಡ್ಡಾಟಕ್ಕೆ ಆಯಿತು

ಈ 50 ಎಂಎಂ ಎಫ್/1.8 ಲೆನ್ಸ್ ತಗೊಂಡಿದ್ದು ಕೊಪ್ಪಳ ಹತ್ತಿರದ ಕಿನ್ನಾಳದ ಮರದ ಗೊಂಬೆಗಳ ಫೋಟೋ ತೆಗೆಯಲು. ನಾಲ್ಕು ವರ್ಷ ಆಯಿತು. ಈಗ ಗೊಂಬೆ ಕೆಲಸಕ್ಕೆ ಇದನ್ನು ಬ್ಯಾಗಿನಿಂದ ಹೊರಗೇ ತೆಗೆಯುವುದಿಲ್ಲ. ಆದರೂ ಮಾರುವ ಯೋಚನೆ ಒಂದು ದಿನವೂ ಬಂದಿಲ್ಲ.

ಮೊದಲ ಗರುಡ ಗೊಂಬೆಯನ್ನು ಎಫ್/1.8ರಲ್ಲೇ, ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆದೆ. ಹಾಗೆ ತೆರೆದರೆ ಬೆಳಕು ಜಾಸ್ತಿ, ಆದರೆ ಚೂಪಾಗಿ ಕಾಣುವ ಆಳ ತೀರಾ ಕಡಿಮೆ. ಕೊಕ್ಕು ಸೂಜಿಯಷ್ಟು ಚೂಪು, ರೆಕ್ಕೆ ಮಂಜು ಮಂಜು. ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ರೆಕ್ಕೆ ಮೇಲಿನ ಕುಸುರಿಯೇ ಕಾಣದಿದ್ದರೆ ಹೇಗೆ? ಬಾಯಿ ಕಿರಿದು ಮಾಡಿ ಎಫ್/8ಕ್ಕೆ ಇಳಿಸಿದರೆ ಎಲ್ಲಾ ಕಾಣುತ್ತದೆ, ಆದರೆ ಆಗ 1.8ಕ್ಕೆ ಕೊಟ್ಟ ದುಡ್ಡು ಸುಮ್ನೆ. ಮೇಲಾಗಿ ಇದು 35 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್ 25 ಸೆಂ.ಮೀ. ತನಕ ಹೋಗುತ್ತದೆ. ಅಂಗೈಯಷ್ಟು ಗೊಂಬೆಗೆ ಅದೇ ಮೇಲು. ಜೊತೆಗೊಂದು ಟ್ರೈಪಾಡ್, ಬಣ್ಣದ ಹೊಳಪು ತಗ್ಗಿಸಲು ಕಿಟಕಿಗೆ ಕಟ್ಟಿದ ಬಿಳಿ ಪಂಚೆ. ಸಾಕು.

ಈ ಲೆನ್ಸಿನ ಬೆಲೆ ಗೊತ್ತಾಗಿದ್ದು ರಾತ್ರಿ, ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದಲ್ಲಿ. ಗುಡಿ ಮುಂದೆ ಅಟ್ಟ, ಮೇಲೆ ನಾಲ್ಕೈದು ಬಲ್ಬು. ಫ್ಲ್ಯಾಶ್ ಹಾಕಿದರೆ ಪಾತ್ರಧಾರಿಯ ಕಣ್ಣು ಕುಕ್ಕುತ್ತದೆ, ಕಿರೀಟದ ಬೇಗಡೆ ಬೆಳ್ಳಗೆ ಸುಟ್ಟುಹೋಗುತ್ತದೆ. ನಾನು ಹಾಕುವುದೇ ಇಲ್ಲ. ಎಫ್/2, ಶಟರ್ 1/200 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200ರಲ್ಲಿ ಮುಖದ ಬಣ್ಣ, ಅದನ್ನು ಸೀಳಿಕೊಂಡು ಇಳಿಯುವ ಬೆವರು ಎರಡೂ ಸಿಗುತ್ತವೆ. ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅದೇ ಬೆಳಕಿಗೆ ಐಎಸ್‌ಒ 25600 ಬೇಕು. ನನ್ನ ಕ್ಯಾಮೆರಾದಲ್ಲಿ ಅಷ್ಟಕ್ಕೆ ಮುಖದ ಮೇಲೆ ಮರಳು ಎರಚಿದ ಹಾಗೆ ಕಾಣುತ್ತದೆ.

ಈಗ ಎಲ್ಲ ಕಡೆ ಎಲ್‌ಇಡಿ. ನಮ್ಮ ಕರೆಂಟ್ 50 ಹರ್ಟ್ಜ್ ಅಲ್ವಾ, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/200ರಲ್ಲಿ ಫೋಟೋಗೆ ಕಪ್ಪು ಪಟ್ಟಿ ಬೀಳುತ್ತದೆ. ಆಗ 1/100ಕ್ಕೆ ಇಳಿಸಿ, ಮದ್ದಳೆಯ ಕೊನೆ ಪೆಟ್ಟಿಗೆ ಪಾತ್ರಧಾರಿ ಕಾಲೂರಿ ನಿಲ್ಲುವುದನ್ನೇ ಕಾಯುತ್ತೇನೆ. ಆ ಅರೆಗಳಿಗೆ ಭುಜಕೀರ್ತಿ ಕೂಡ ಅಲುಗುವುದಿಲ್ಲ.

ಕೊರತೆಯೂ ಇದೆ. ಕೆಂಪು ಬೆಳಕಿನಲ್ಲಿ ಫೋಕಸ್ ತಡಕಾಡುತ್ತದೆ. ಕಿರೀಟದ ಅಂಚಿಗೆ ಗುರಿ ಇಟ್ಟರೆ ಬೇಗ ಸಿಗುತ್ತದೆ. ಇನ್ನೊಂದು, ನನ್ನ ಕ್ಯಾಮೆರಾದಂಥ ಕ್ರಾಪ್ ಸೆನ್ಸರ್‌ನಲ್ಲಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಇದರ ನೋಟ ಫುಲ್ ಫ್ರೇಮ್‌ನ 75-80 ಎಂಎಂನಷ್ಟು ಬಿಗಿ. ಮೇಳದವರನ್ನೂ ಸೇರಿಸಬೇಕೆಂದರೆ ಜನರ ಹಿಂದೆ ಹೋಗಬೇಕು, ಅಲ್ಲಿ ಬರೀ ತಲೆಗಳು ಅಡ್ಡ. ಕೊಳ್ಳುವ ಮುಂಚೆ ಒಂದು ರಾತ್ರಿ ಕಿಟ್ ಲೆನ್ಸನ್ನು 50ಕ್ಕೆ ಇಟ್ಟು, ಆಮೇಲೆ ಇನ್ನೂ ಅಗಲ ಕಾಣುವ 35ಕ್ಕೆ ಇಟ್ಟು ಆಟ ನೋಡಿ. ಯಾವುದು ಬೇಕೆಂದು ಗೊತ್ತಾಗುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ ಹೊತ್ತಿಗೆ ನಾನೂ ಒಂದು 35 ಎಂಎಂ ತಗೊಳ್ಳುವವನಿದ್ದೇನೆ, ಸೆಕೆಂಡ್ ಹ್ಯಾಂಡ್ ಆದರೂ ಸರಿ.