ವ್ಯಾಪಾರ ಕುಂತಾಗ ವಾಟ್ಸಾಪ್ ಬಿಸಿನೆಸ್ ಎಷ್ಟು ಕೈಹಿಡಿಯುತ್ತದೆ? ಚಿಕ್ಕಮಗಳೂರಿನ ಅಂಗಡಿಗಳ ಲೆಕ್ಕದಲ್ಲಿ ಒಂದು ವಿಮರ್ಶೆ

ಚಿಕ್ಕಮಗಳೂರಿನಲ್ಲಿ ದುಡ್ಡು ಓಡಾಡುವುದು ಕಾಫಿ ಕೊಯ್ಲಿನ ಹಿಂದೆ ಹಿಂದೆ. ನವೆಂಬರಿನಿಂದ ಅರೇಬಿಕಾ, ಹೊಸ ವರ್ಷದ ಹೊತ್ತಿಗೆ ರೋಬಸ್ಟಾ. ಮಾರ್ಚ್ ತನಕ ಬಟವಾಡೆಯ ದುಡ್ಡು ಸಂತೆಗೆ ಬರುತ್ತದೆ, ಅಲ್ಲಿಂದ ಐ.ಜಿ. ರಸ್ತೆ, ಎಂ.ಜಿ. ರಸ್ತೆಯ ಅಂಗಡಿಗಳಿಗೂ ಇಳಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗಲ್ಲಾ ತಣ್ಣಗಾಗಿ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಆಷಾಢದಲ್ಲಿ ಮದುವೆಯ ವ್ಯಾಪಾರವೂ ಇಲ್ಲ. ಇದು ಪ್ರತಿ ವರ್ಷದ ಮಾತಾಯಿತು. ಇಡೀ ದೇಶದ ವ್ಯವಹಾರವೇ ಮಂಕಾದ ವರ್ಷದಲ್ಲಿ ಕೊಯ್ಲಿನ ತಿಂಗಳಲ್ಲೂ ಅರ್ಧ ಕೆಜಿ ಕಾಫಿ ಪುಡಿಯವರು ಕಾಲು ಕೆಜಿಗೆ, 80:20 (ನೂರರಲ್ಲಿ 80 ಪಾಲು ಕಾಫಿ, 20 ಪಾಲು ಚಿಕೋರಿ) ಕುಡಿಯುತ್ತಿದ್ದವರು 60:40ಕ್ಕೆ ಇಳಿಯುತ್ತಾರೆ. ಅಂಗಡಿಯವರು ಮೊದಲು ಪ್ರಚಾರದ ಖರ್ಚಿಗೆ ಕತ್ತರಿ ಹಾಕುತ್ತಾರೆ, ಫ್ಲೆಕ್ಸ್, ಕರಪತ್ರ ಎಲ್ಲ ಬಂದ್ ಆಗುತ್ತವೆ, ‘ಪುಕ್ಕಟೆ ಸಿಗುತ್ತಲ್ಲ’ ಅಂತ ವಾಟ್ಸಾಪ್ ಬಿಸಿನೆಸ್ ಆ್ಯಪ್ ಇಳಿಸಿಕೊಳ್ಳುತ್ತಾರೆ.

2018ರಲ್ಲಿ ಬಂದ ಈ ಆ್ಯಪ್ ಸಣ್ಣ ವ್ಯಾಪಾರಿಗೆ ಎಷ್ಟು ಪ್ರಯೋಜನ ಎಂಬುದನ್ನು ಇಲ್ಲಿ ಒಂದು ಕಾಫಿ ಪುಡಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಂಡು ನೋಡೋಣ. ಬೇಕರಿ, ಬಟ್ಟೆ ಅಂಗಡಿ, ನರ್ಸರಿಗಳಿಗೂ ಲೆಕ್ಕ ಹೆಚ್ಚುಕಮ್ಮಿ ಇದೇ. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಒಮ್ಮೆ ಬಂದು ಹೋದ ಗಿರಾಕಿಯನ್ನು ಮತ್ತೆ ಕರೆತರಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಅಂಗಡಿಯ ಹೆಸರೇ ಕೇಳದವರನ್ನು ತರುವ ಶಕ್ತಿ ಮಾತ್ರ ಇದಕ್ಕೆ ತೀರಾ ಕಮ್ಮಿ. ಕೈ ಬಿಗಿಯಾದ ಕಾಲದಲ್ಲಿ ಬೇಕಾಗಿರುವುದು ಹೆಚ್ಚಾಗಿ ಹಳೇ ಗಿರಾಕಿಯೇ ಆದ್ದರಿಂದ ಅಂಕ ಸ್ವಲ್ಪ ಧಾರಾಳವಾಗಿಯೇ ಕೊಡಬಹುದು.

ಶುರು ಮಾಡುವುದು ಅರ್ಧ ಗಂಟೆಯ ಕೆಲಸ. ಒಂದೇ ನಂಬರನ್ನು ಮಾಮೂಲಿ ವಾಟ್ಸಾಪ್‌ನಲ್ಲೂ ಬಿಸಿನೆಸ್‌ನಲ್ಲೂ ಒಟ್ಟಿಗೆ ನಡೆಸಲು ಆಗುವುದಿಲ್ಲ. ಹಾಗಾಗಿ ಮನೆಯ ನಂಬರ್ ಮನೆಗಿರಲಿ, ಅಂಗಡಿಗೆ ಬೇರೆಯದು ಮಾಡಿ. ಹೊಸ ಸಿಮ್ ಬೇಡವೆನಿಸಿದರೆ 08262ರಿಂದ ಶುರುವಾಗುವ ಅಂಗಡಿಯ ಲ್ಯಾಂಡ್‌ಲೈನನ್ನೇ ನೋಂದಾಯಿಸಬಹುದು (ಹಾಸನದವರಿಗೆ 08172). ಎಸ್‌ಎಂಎಸ್ ಬದಲು ‘ಕರೆ ಮಾಡಿ’ ಆರಿಸಿದರೆ ಆರಂಕಿಯ ಕೋಡನ್ನು ಫೋನಿನಲ್ಲೇ ಓದಿ ಹೇಳುತ್ತದೆ. ಹಳೇ ಬೋರ್ಡಿನ ಮೇಲೆ ಇರುವುದೂ ಅದೇ ನಂಬರ್ ಆದ್ದರಿಂದ ಹೊಸದಾಗಿ ಏನನ್ನೂ ಬರೆಸಬೇಕಿಲ್ಲ.

ಕ್ಯಾಟಲಾಗ್‌ನಲ್ಲಿ 500 ಸಾಮಾನಿನವರೆಗೆ ಹಾಕಬಹುದು, ಒಂದೊಂದಕ್ಕೆ 10 ಫೋಟೊ. ಪುಡಿ ಅಂಗಡಿಗೆ ಹತ್ತು ಹನ್ನೆರಡು ಸಾಕು, ಆದರೆ ಆ ಹನ್ನೆರಡನ್ನು ಸರಿಯಾಗಿ ಬರೆಯಬೇಕು. ‘ಸ್ಪೆಷಲ್ ಪುಡಿ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಪ್ಲಾಂಟೇಷನ್ ಎ ಮತ್ತು ಪೀಬೆರಿ, 20% ಚಿಕೋರಿ, ಫಿಲ್ಟರ್‌ಗೆ ಸಣ್ಣ ಪುಡಿ, 250 ಗ್ರಾಂ’ ಅಂದರೆ ಬೀಜದ ದರ್ಜೆ, ಚಿಕೋರಿ, ತೂಕ ಎಲ್ಲ ತಿಳಿಯುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ನಮೂದಿಸಬೇಕು ಎನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ. ಅದನ್ನೇ ಕ್ಯಾಟಲಾಗ್‌ನಲ್ಲೂ ಬರೆದರೆ ನಂಬಿಕೆ ಹೆಚ್ಚುತ್ತದೆ. ಎಸ್ಟೇಟಿನ ಹೋಮ್‌ಮೇಡ್ ವೈನ್ ಬಾಟಲಿಯನ್ನೂ ಜೊತೆಗೆ ಹಾಕಲು ಹೋಗಬೇಡಿ. ಮದ್ಯ, ತಂಬಾಕು, ಔಷಧಿ, ಜೀವಂತ ಪ್ರಾಣಿ ಇವ್ಯಾವುವನ್ನೂ ವಾಟ್ಸಾಪ್ ಮಾರಲು ಬಿಡುವುದಿಲ್ಲ. ಶೀತದ ಕಷಾಯದ ಪುಡಿಗೆ ‘ಕಾಯಿಲೆ ವಾಸಿ’ ಎಂದು ಬರೆದವರಿಗೂ ಅದೇ ಗತಿ ಕಾಣಿಸಬಹುದು.

ಬೆಲೆ ಬರೆಯಬೇಕೋ ಬೇಡವೋ ಎನ್ನುವುದು ದೊಡ್ಡ ಜಿಜ್ಞಾಸೆ. 2025ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಅರೇಬಿಕಾ ದಾಖಲೆಯ ಬೆಲೆಗೆ ಏರಿತ್ತು. ಅಂಥ ಹೊತ್ತಿನಲ್ಲಿ ಕ್ಯಾಟಲಾಗ್‌ನ ಹಳೇ ಬೆಲೆ ತೋರಿಸಿ ಗಿರಾಕಿ ಜಗಳಕ್ಕೆ ನಿಲ್ಲುತ್ತಾರೆ. ಹಾಗಂತ ಬೆಲೆ ಬಿಟ್ಟರೆ ‘ರೇಟು ಎಷ್ಟು?’ ಅನ್ನುವ ಮೆಸೇಜಿಗೆ ದಿನಕ್ಕೆ ಮೂವತ್ತು ಸಲ ಉತ್ತರಿಸಬೇಕಾಗುತ್ತದೆ. ಬೆಲೆ ಹಾಕಿ, ಪಕ್ಕದಲ್ಲೇ ‘ಈ ತಿಂಗಳ ಕೊನೆಯವರೆಗೆ’ ಎಂದು ಬರೆದು, ಪ್ರತಿ ಒಂದನೇ ತಾರೀಖು ತಿದ್ದುವುದು ಒಳ್ಳೆಯದು.

ಇನ್ನು ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವುದು. ಆ್ಯಪ್‌ನ ಜೀವ ಇರುವುದು ಇಲ್ಲಿ, ಎಲ್ಲರೂ ಎಡವುವುದೂ ಇಲ್ಲೇ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ಕಳಿಸಿದ್ದು ಒಬ್ಬೊಬ್ಬರಿಗೂ ಪ್ರತ್ಯೇಕ ಮೆಸೇಜಾಗಿಯೇ ಮುಟ್ಟುತ್ತದೆ. (ಕಂಪನಿ ಇಂಥ ಮಿತಿಗಳನ್ನು ಆಗಾಗ ಬದಲಿಸುತ್ತಿರುತ್ತದೆ, ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ.) ಆದರೆ ನಿಮ್ಮ ನಂಬರನ್ನು ಅವರ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ನೀವು ಅವರ ನಂಬರ್ ಬರೆದುಕೊಂಡರೆ ಸಾಲದು. ಬಿಲ್ ಪುಸ್ತಕದಿಂದ 250 ನಂಬರ್ ಎತ್ತಿ ಪಟ್ಟಿ ಮಾಡಿ, ಹಬ್ಬದ ಆಫರ್ ಕಳಿಸಿ, ಒಬ್ಬರೂ ಬರಲಿಲ್ಲವೆಂದು ಆ್ಯಪ್‌ಗೆ ಬೈಯುವುದು ಸಾಮಾನ್ಯ. ನಿಜ ಏನೆಂದರೆ ಆ ಮೆಸೇಜು ಬಹಳಷ್ಟು ಜನರಿಗೆ ಮುಟ್ಟಿಯೇ ಇರುವುದಿಲ್ಲ.

ಪರೀಕ್ಷಿಸುವುದು ಸುಲಭ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ‘ಇನ್ಫೋ’ ತೆರೆಯಿರಿ. ಯಾರಿಗೆ ತಲುಪಿತು, ಯಾರು ಓದಿದರು ಎಂಬುದು ಹೆಸರಿನ ಸಮೇತ ಕಾಣುತ್ತದೆ. ಎರಡು ದಿನವಾದರೂ ತಲುಪದವರ ಫೋನು ಆಫ್ ಆಗಿರಬೇಕು, ಇಲ್ಲವೇ ಅವರು ನಂಬರ್ ಸೇವ್ ಮಾಡಿಲ್ಲ. ಅವರ ಹೆಸರಿಗೆ ‘ಸೇವ್ ಇಲ್ಲ’ ಅಂತ ಲೇಬಲ್ ಹಚ್ಚಿ, ಮುಂದಿನ ಸಲ ಅಂಗಡಿಗೆ ಬಂದಾಗ ಕೇಳಿ. ಲೇಬಲ್ 20ರವರೆಗೆ ಮಾಡಿಕೊಳ್ಳಬಹುದು. ಊರು, ಎಸ್ಟೇಟ್, ಹೋಟೆಲ್, ಉದ್ರಿ ಬಾಕಿ, ಸೇವ್ ಇಲ್ಲ, ಈ ಐದರಲ್ಲೇ ಸಣ್ಣ ಅಂಗಡಿಯ ಕೆಲಸ ನಡೆಯುತ್ತದೆ.

ಸೇವ್ ಮಾಡಿಸುವ ಕೆಲಸ ನಡೆಯಬೇಕಾದ್ದು ಕೌಂಟರ್ ಮುಂದೆ, ಪುಡಿ ಬೀಸುವ ಆ ಎರಡು ನಿಮಿಷದಲ್ಲಿ. ‘ಅಕ್ಕಾ, ಹೊಸದಾಗಿ ಹುರಿಯೋ ದಿನ ತಿಳಿಸ್ತೀವಿ, ನಂಬರ್ ಹಾಕ್ಕೊಳ್ಳಿ’ ಅಂದರೆ ಬೇಡ ಅನ್ನುವವರು ಕಮ್ಮಿ. ಆಫರ್ ಕಳಿಸ್ತೀವಿ ಅಂದರೆ ಮುಖ ತಿರುಗಿಸುತ್ತಾರೆ. ಸೇವ್ ಆಗುವ ಹೆಸರಿನ ಬಗ್ಗೆಯೂ ಗಮನ ಇರಲಿ. ದೇವರ ಹೆಸರಿನ ಮುಂದೆ ‘ಟ್ರೇಡರ್ಸ್’ ಸೇರಿಸಿಕೊಂಡ ಅಂಗಡಿ ಪ್ರತಿ ಬೀದಿಯಲ್ಲೂ ಇದೆ. ಆರು ತಿಂಗಳ ಮೇಲೆ ಗಿರಾಕಿ ಫೋನಿನಲ್ಲಿ ಹುಡುಕುವುದು ‘ಕಾಫಿ’ ಅಂತ. ಆದ್ದರಿಂದ ‘ಕಾಫಿ ಪುಡಿ, ಐ.ಜಿ. ರಸ್ತೆ’ ಎಂಬ ಹೆಸರಿನ ಕಾಂಟ್ಯಾಕ್ಟ್ ಕಾರ್ಡನ್ನು ನೀವೇ ಮಾಡಿ ಕಳಿಸಿಬಿಡಿ, ಅವರು ಒತ್ತಿದರೆ ಸಾಕು.

ನಂಬರ್ ಪಟ್ಟಿ ಮಾರುವವರು, ಸಾವಿರಾರು ಜನರಿಗೆ ಒಟ್ಟಿಗೆ ಕಳಿಸುವ ಸಾಫ್ಟ್‌ವೇರ್ ಮಾರುವವರು ಅಂಗಡಿ ಬಾಗಿಲಿಗೇ ಬರುತ್ತಾರೆ. ಎರಡನ್ನೂ ಮುಟ್ಟಬಾರದು. ಅಪರಿಚಿತರು ಒಬ್ಬರ ಹಿಂದೊಬ್ಬರು ಬ್ಲಾಕ್, ರಿಪೋರ್ಟ್ ಒತ್ತಿದರೆ ಅಂಗಡಿಯ ನಂಬರೇ ಬ್ಯಾನ್ ಆಗಬಹುದು. ಆಗ ಖಾಯಂ ಗಿರಾಕಿಗಳ ಪಟ್ಟಿಯೂ ಕೈತಪ್ಪುತ್ತದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಒಪ್ಪಿಗೆ ಕೇಳಿ ಎನ್ನುತ್ತದೆ.

ಏನು ಕಳಿಸಬೇಕು? ಗುಲಾಬಿ ಹೂವಿನ ‘ಶುಭೋದಯ’ ಖಂಡಿತ ಬೇಡ. ಹೀಗಿರಲಿ:

‘ನಮಸ್ಕಾರ. ಶುಕ್ರವಾರ ಬೆಳಗ್ಗೆ ಹೊಸ ಬೀಜ ಹುರಿಯುತ್ತೇವೆ. 80:20 ಬೇಕಿದ್ದರೆ 1, 70:30 ಬೇಕಿದ್ದರೆ 2 ಅಂತ ಗುರುವಾರ ರಾತ್ರಿ 8ರೊಳಗೆ ಕಳಿಸಿ. ಸಂಜೆ 4ರ ಮೇಲೆ ಪ್ಯಾಕೆಟ್ ಸಿದ್ಧ. ಮೆಸೇಜ್ ಬೇಡವೆಂದರೆ ‘ಸಾಕು’ ಎಂದು ಕಳಿಸಿ.’

ಒಂದೇ ಅಂಕೆ ಒತ್ತಿದರೆ ಉತ್ತರವಾಯಿತು, ಟೈಪ್ ಮಾಡಲು ಬೇಸರಪಡುವವರೂ ಒತ್ತುತ್ತಾರೆ. ಎಷ್ಟು ಕೆಜಿ ಹುರಿಯಬೇಕೆಂದು ಹಿಂದಿನ ರಾತ್ರಿಯೇ ಗೊತ್ತಾಗುವುದರಿಂದ ಪುಡಿ ಡಬ್ಬದಲ್ಲಿ ಕೂತು ಪರಿಮಳ ಕಳೆದುಕೊಳ್ಳುವುದಿಲ್ಲ, ಬಂಡವಾಳವೂ ಕಟ್ಟಿಬೀಳುವುದಿಲ್ಲ. ವ್ಯಾಪಾರ ಡಲ್ ಇರುವಾಗ ಜಾಹೀರಾತಿಗಿಂತ ಈ ಲಾಭವೇ ದೊಡ್ಡದು. ತಿಂಗಳಿಗೆ ಎರಡು, ಹೆಚ್ಚೆಂದರೆ ಮೂರು ಮೆಸೇಜ್ ಸಾಕು. ಸಂಬಳದವರಿಗೆ ತಿಂಗಳ ಮೊದಲ ವಾರ, ಎಸ್ಟೇಟ್ ಲೇಬಲ್ಲಿನವರಿಗೆ ಬಟವಾಡೆಯ ಹಿಂದಿನ ದಿನ ಕಳಿಸಿ. ಹಾಸನದಲ್ಲಿ ಲೆಕ್ಕ ಬೇರೆ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆಗೆದಾಗ ಊರು ಜನರಿಂದ ತುಂಬಿರುತ್ತದೆ. ಆ ದಿನಗಳಲ್ಲಿ ಖಾಯಂ ಗಿರಾಕಿ ಪೇಟೆ ಕಡೆ ತಲೆಹಾಕುವುದಿಲ್ಲ, ಅವರಿಗೆ ವಾರ ಮೊದಲೇ ತಿಳಿಸಬೇಕು.

ಡಿಸ್ಕೌಂಟ್ ಬಗ್ಗೆ ಎರಡು ಮಾತು, ಏಕೆಂದರೆ ಬ್ರಾಡ್‌ಕಾಸ್ಟ್ ಕೈಗೆ ಸಿಕ್ಕ ಕೂಡಲೇ ಎಲ್ಲರೂ ‘10% ಕಡಿತ’ ಅಂತ ಕಳಿಸಿಬಿಡುತ್ತಾರೆ. ಕೆಜಿಗೆ 600 ರೂಪಾಯಿಗೆ ಮಾರುವ ಪುಡಿಯ ಅಸಲು 450 ಎಂದಿಟ್ಟುಕೊಳ್ಳಿ. ಉಳಿಯುವುದು 150. ಶೇ. 10 ಕಡಿತ ಕೊಟ್ಟರೆ ಉಳಿಯುವುದು 90. ಮೊದಲಿನಷ್ಟೇ ಲಾಭ ಬರಬೇಕೆಂದರೆ 100 ಕೆಜಿ ಮಾರುತ್ತಿದ್ದಲ್ಲಿ 167 ಕೆಜಿ ಮಾರಬೇಕು. ಜನರ ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಅದು ಆಗದ ಮಾತು. ಅದರ ಬದಲು ಕೆಜಿ ಕೊಂಡವರಿಗೆ 100 ಗ್ರಾಂ ಉಚಿತ ಕೊಡಿ. ಗಿರಾಕಿಗೆ 60 ರೂಪಾಯಿಯ ಸಾಮಾನು ಸಿಕ್ಕಿತು, ನಿಮಗೆ ಬಿದ್ದದ್ದು 45. ಬೋರ್ಡಿನ ಮೇಲಿನ ಬೆಲೆಯೂ ಕೆಳಗಿಳಿಯಲಿಲ್ಲ. ಇಳಿಸಿದ ಬೆಲೆಯನ್ನು ಮತ್ತೆ ಏರಿಸುವ ಕಷ್ಟ ಏರಿಸಿದವರಿಗೇ ಗೊತ್ತು. ಕೆಜಿ ಕೊಳ್ಳಲಾಗದವರಿಗೆ 50 ಮತ್ತು 100 ಗ್ರಾಂ ಪ್ಯಾಕೆಟ್ ಇಡಿ, ಅವರು ಬೇರೆ ಅಂಗಡಿಗೆ ಹೋಗದಿದ್ದರೆ ಅಷ್ಟೇ ಸಾಕು.

ತಾನಾಗಿಯೇ ಹೋಗುವ ಉತ್ತರಗಳ ವಿಚಾರಕ್ಕೆ ಬಂದರೆ ಮಲೆನಾಡಿನಲ್ಲಿ ಈ ಆ್ಯಪ್ ಸ್ವಲ್ಪ ಕೈಕೊಡುತ್ತದೆ. ಹೊಸಬರಿಗೆ ಅಥವಾ 14 ದಿನ ಮಾತುಕತೆ ಇಲ್ಲದವರಿಗೆ ಸ್ವಾಗತದ ಮೆಸೇಜ್, ಅಂಗಡಿ ಮುಚ್ಚಿದ ಹೊತ್ತಿನಲ್ಲಿ ‘ನಾಳೆ 9ಕ್ಕೆ ತೆರೆಯುತ್ತೇವೆ’ ಎನ್ನುವ ಮೆಸೇಜ್ ಎರಡೂ ಇವೆ. ಆದರೆ ಎರಡನೆಯದು ಹೋಗಬೇಕಾದರೆ ಅಂಗಡಿಯ ಫೋನಿನಲ್ಲಿ ಇಂಟರ್‌ನೆಟ್ ಇರಲೇಬೇಕು. ಜುಲೈನಲ್ಲಿ ಕರೆಂಟು ಹೋಗಿ, ಟವರ್ ಸತ್ತು, ಚಾರ್ಜೂ ಮುಗಿದರೆ ಗಿರಾಕಿಗೆ ಒಂದೇ ಟಿಕ್ ಕಾಣುತ್ತದೆ, ಅಂಗಡಿಯವರು ಮಾತಾಡುತ್ತಿಲ್ಲ ಎಂದೇ ತಿಳಿಯುತ್ತಾರೆ. ಫೋನನ್ನು ಅಂಗಡಿಯಲ್ಲೇ ಬೀಗ ಹಾಕಿ ಬಿಡದೆ ಮನೆಗೆ ಒಯ್ಯುವುದೇ ಪರಿಹಾರ. ಪದೇಪದೇ ಕೇಳುವ ಪ್ರಶ್ನೆಗಳಿಗೆ 50 ಸಿದ್ಧ ಉತ್ತರ ಇಟ್ಟುಕೊಳ್ಳಬಹುದು. ಓರೆಗೆರೆ (/) ಒತ್ತಿ ‘ದಾರಿ’ ಎಂದರೆ ವಿಳಾಸ, ‘ರೇಟು’ ಎಂದರೆ ಬೆಲೆಪಟ್ಟಿ ಬಂದು ಕೂರುತ್ತದೆ.

ಸ್ಕ್ಯಾನ್ ಮಾಡಿದರೆ ಅಂಗಡಿಯ ಚಾಟ್ ತೆರೆಯುವ ಕ್ಯೂಆರ್ ಕೋಡನ್ನೂ ಆ್ಯಪ್ ಕೊಡುತ್ತದೆ, ಅದನ್ನು ಮುದ್ರಿಸುವ ಮೊದಲು ಒಂದು ಎಚ್ಚರಿಕೆ. ಸೆಟ್ಟಿಂಗ್‌ನಲ್ಲಿ ಅದರ ಪಕ್ಕದಲ್ಲೇ ‘ರೀಸೆಟ್’ ಇದೆ. ಹುಡುಗರ್‍ಯಾರೋ ಕುತೂಹಲಕ್ಕೆ ಅದನ್ನು ಒತ್ತಿದರೆ ಪ್ಯಾಕೆಟ್, ಬಿಲ್, ಬೋರ್ಡಿನ ಮೇಲೆ ಅಚ್ಚಾದ ಹಳೇ ಕೋಡೆಲ್ಲ ಅಲ್ಲಿಗೇ ಸತ್ತಂತೆ. ಕೋಡಿನ ಕೆಳಗೆ ನಂಬರನ್ನೂ ದಪ್ಪಕ್ಷರದಲ್ಲಿ ಹಾಕಿಸಿ.

ಸ್ಟೇಟಸ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಸೇವ್ ಮಾಡಿಕೊಂಡಿದ್ದರೆ ಕಾಣುತ್ತದೆ, 24 ಗಂಟೆಗೆ ಮಾಯವಾಗುತ್ತದೆ. ಹುರಿಯುವ ಡ್ರಮ್ಮಿನಿಂದ ಬೀಜ ಸುರಿಯುವ ಹತ್ತು ಸೆಕೆಂಡಿನ ವಿಡಿಯೊ ಹಾಕಿ, ಸಾಕು.

ಹೊಸಬರು ಬೇಕೆಂದರೆ ಈ ಆ್ಯಪ್ ಬಿಟ್ಟು ಗೂಗಲ್ ಬಿಸಿನೆಸ್ ಪ್ರೊಫೈಲ್ ಕಡೆ ಹೋಗಬೇಕು. ಅದೂ ಪುಕ್ಕಟೆ. ಮುಳ್ಳಯ್ಯನಗಿರಿ ಇಳಿದು ಬರುವ ಬೆಂಗಳೂರಿನವರು ಕಾಫಿ ಪುಡಿ ಎಲ್ಲಿ ಸಿಗುತ್ತದೆಂದು ದಾರಿಯಲ್ಲಿ ಯಾರನ್ನೂ ಕೇಳುವುದಿಲ್ಲ, ಮ್ಯಾಪ್‌ನಲ್ಲೇ ಹುಡುಕುತ್ತಾರೆ. ಅಲ್ಲಿ ಭಾನುವಾರದ ಸಮಯ ಸರಿಯಾಗಿ ಹಾಕಿ, ಅದೇ ವಾಟ್ಸಾಪ್ ನಂಬರ್ ಕೊಡಿ. ರಿವ್ಯೂ ಬರೆದರೆ ಪುಡಿ ಉಚಿತ ಎಂಬ ಆಸೆ ತೋರಿಸಬಾರದು, ಅದು ಗೂಗಲ್ ನಿಯಮಕ್ಕೆ ವಿರುದ್ಧ. ವಾಟ್ಸಾಪ್‌ಗೆ ಕರೆತರುವ ಫೇಸ್‌ಬುಕ್ ಜಾಹೀರಾತಿಗೆ ದುಡ್ಡು ಹಾಕುವುದಾದರೆ ಊರಿನ ಸುತ್ತ 15 ಕಿ.ಮೀ. ವೃತ್ತ ಎಳೆದು ಹಾಕಿ. ಜಾಗ ಆರಿಸದೆ ಒತ್ತಿದರೆ ಎಲ್ಲೋ ದೂರದೂರಿನವರಿಗೆ ತೋರಿಸಿ ಕಾಸು ಕರಗುತ್ತದೆ. ಮೇಲೆ 18% ಜಿಎಸ್‌ಟಿ ಬೇರೆ.

ಸಿಮ್ ಮಾಲೀಕರ ಹೆಸರಿನಲ್ಲೇ ಇರಲಿ. ಕೆಲಸದ ಹುಡುಗನ ಹೆಸರಿನಲ್ಲಿದ್ದರೆ ಅವನು ಕೆಲಸ ಬಿಟ್ಟ ದಿನ ಗಿರಾಕಿಗಳ ಪಟ್ಟಿಯೂ ಅವನೊಟ್ಟಿಗೆ ಹೋಗುತ್ತದೆ. ರೀಚಾರ್ಜ್ ತಪ್ಪಿಸಬೇಡಿ. 120 ದಿನ ಬಳಸದೆ ಬಿಟ್ಟರೆ ವಾಟ್ಸಾಪ್ ಖಾತೆ ಅಳಿಸಿಹೋಗುತ್ತದೆ, ವರ್ಷದಲ್ಲಿ ಒಂದೇ ಸೀಸನ್ ನಡೆಸುವವರು ಇದನ್ನು ಮರೆಯುತ್ತಾರೆ. ‘ಟು ಸ್ಟೆಪ್ ವೆರಿಫಿಕೇಶನ್’ ಹಾಕಿ ಆರಂಕಿಯ ಪಿನ್ ಇಟ್ಟುಕೊಳ್ಳಿ. ಆ ಪಿನ್ನನ್ನು ಉದ್ರಿ ಪುಸ್ತಕದಲ್ಲಿ ಮಾತ್ರ ಬರೆದಿಡಬೇಡಿ, ಡಲ್ ಸೀಸನ್ನಿನಲ್ಲಿ ದಿನಕ್ಕೆ ಹತ್ತು ಜನ ತೆರೆದು ನೋಡುವ ಪುಸ್ತಕ ಅದೊಂದೇ.