ಮಾರಿಸ್ ಮೈನರ್ 1000 (1959): ಬ್ರೇಕ್ ಸಿಲಿಂಡರ್ ಬಿಟ್ಟು ಉಳಿದಿದ್ದೆಲ್ಲ ಕ್ಷಮಿಸಿದ್ದೇನೆ

ಇಂಗ್ಲೆಂಡಿನ ಹಳೇ ಪುಟ್ಟ ಕಾರು ಮಾರಿಸ್ ಮೈನರ್ ಬಗ್ಗೆ ಯಾರು ಬರೆದರೂ "ಎಷ್ಟು ಮುದ್ದಾಗಿದೆ ಅಲ್ವಾ" ಅಂತಲೇ ಶುರುಮಾಡುತ್ತಾರೆ. ಮುದ್ದಾಗಿರುವುದು ನಿಜ. ಆದರೆ ನಾನು ಬ್ರೇಕ್ ಮಾಸ್ಟರ್ ಸಿಲಿಂಡರ್‌ನಿಂದ ಶುರುಮಾಡುತ್ತೇನೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವುದು ಇದೇ. ಬೇರೆ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಕಣ್ಣೆದುರಿಗೇ ಸಿಗುವ ಸಾಮಾನು ಅದು. ಮೈನರ್‌ನಲ್ಲಿ ಅದು ಡ್ರೈವರ್ ಕಾಲಿನ ಕೆಳಗಿದೆ. ಕಾರ್ಪೆಟ್ ಎತ್ತಬೇಕು, ನೆಲದ ತಗಡಿನ ಮುಚ್ಚಳ ತೆಗೆಯಬೇಕು, ಟಾರ್ಚ್ ಬಿಡಬೇಕು. ನೆಲದಡಿ ಬಾಡಿಗೇ ಸೇರಿದ ಪೊಳ್ಳು ಉಕ್ಕಿನ ಪಟ್ಟಿಯೊಳಗೆ (ಚಾಸಿಸ್ ಪಟ್ಟಿ ಅನ್ನುತ್ತಾರೆ) ಕೂತಿರುತ್ತದೆ. ಬ್ರೇಕ್ ಆಯಿಲ್ ಎಷ್ಟಿದೆ ಅಂತ ನೋಡಲಿಕ್ಕೇ ಇಷ್ಟು ಕೆಲಸ. ಬಿಚ್ಚುವ ಕಥೆ ಆಮೇಲೆ ಹೇಳುತ್ತೇನೆ.

ನಾನಿರುವುದು ಇಂಗ್ಲೆಂಡಿನ ಬ್ಯಾನ್‌ಬರಿ ಹತ್ತಿರ. ಸಾಫ್ಟ್‌ವೇರ್ ಕೆಲಸ. ಈ ಕಾರು ಹುಟ್ಟಿದ ಕೌಲಿ ಕಾರ್ಖಾನೆ ಇಲ್ಲಿಂದ ದೂರವಿಲ್ಲ, ಈಗ ಅಲ್ಲಿ ಮಿನಿ ತಯಾರಾಗುತ್ತದೆ. ನನ್ನದು ನಾಲ್ಕು ಬಾಗಿಲಿನ ಸಲೂನ್, ಅಂದರೆ ಸೆಡಾನ್. ಕೊಂಡು ಈಗ ನಾಲ್ಕನೇ ವರ್ಷ ನಡೆಯುತ್ತಿದೆ. 948 ಸಿಸಿ, 37 ಎಚ್‌ಪಿ. ಉಳಿದ ಅಂಕಿಅಂಶ ಎಲ್ಲಿ ಬೇಕಾದರೂ ಸಿಗುತ್ತದೆ, ಬಿಡಿ.

ಕೊಂಡಿದ್ದು 1,400 ಪೌಂಡಿಗೆ, ಒಂದು ಹಳ್ಳಿಯ ಕೊಟ್ಟಿಗೆಯಿಂದ. ನಾಲ್ಕೂ ಟೈರು ನೆಲ ಕಚ್ಚಿದ್ದವು. ಸೀಟಿನೊಳಗೆ ಇಲಿ ಸಂಸಾರ ಮಾಡಿತ್ತು. "ಇಂಜಿನ್ ಸ್ಟಾರ್ಟ್ ಆಗುತ್ತೆ, ಬಾಡಿ ಗಟ್ಟಿ ಇದೆ" ಅಂದರು ಮಾರುವವರು. ಮೊದಲನೆಯದು ನಿಜವಾಗಿತ್ತು.

ಇಲ್ಲಿ ಹಳೇ ಕಾರು ನೋಡಲು ಹೊರಡುವವರು ಮನೆ ಬಿಡುವ ಮೊದಲೇ ಮಾಡಬೇಕಾದ ಒಂದು ಕೆಲಸ ಇದೆ. ಸರ್ಕಾರದ ವೆಬ್‌ಸೈಟಿನಲ್ಲಿ ನಂಬರ್ ಪ್ಲೇಟ್ ಹಾಕಿದರೆ ಕಾರಿನ ಹಳೆಯ ಎಂಒಟಿ ಪರೀಕ್ಷೆಗಳ (ಕಾರು ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ನೋಡುವ ತಪಾಸಣೆ) ಚರಿತ್ರೆ ಪುಕ್ಕಟೆ ಸಿಗುತ್ತದೆ. ನನ್ನ ಕಾರಿನದು ತೆಗೆದರೆ ವರ್ಷ ವರ್ಷವೂ ಅದೇ ಸಾಲು: ಸಸ್ಪೆನ್ಷನ್ ಕೂರುವ ಜಾಗದ ಹತ್ತಿರ ತುಕ್ಕು. 2012ರ ನಂತರ ಏನೂ ಇಲ್ಲ. ಯಾಕೆ ಗೊತ್ತಾ? 1960ಕ್ಕೆ ಮೊದಲಿನ ಕಾರುಗಳಿಗೆ 2012ರ ನವೆಂಬರಿನಲ್ಲೇ ಎಂಒಟಿಯಿಂದ ವಿನಾಯಿತಿ ಸಿಕ್ಕಿತು. 2018ರ ಮೇ ತಿಂಗಳಿಂದ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡು ಮಾಡದ ಯಾವ ಕಾರಿಗೂ ಅದು ಕಡ್ಡಾಯವಲ್ಲ. ಮಾಲೀಕರಿಗೆ ಖುಷಿ, ಕೊಳ್ಳುವವರಿಗೆ ತಲೆನೋವು. ಆ ಸಾಲುಗಳನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಮುಂದಿಟ್ಟೆ. ಹೇಳಿದ್ದ ಬೆಲೆ ಅರ್ಧಕ್ಕರ್ಧ ಇಳಿಯಿತು. ಕೆಟ್ಟಿದೆ ಅಂತ ಗೊತ್ತಿದ್ದೇ ಕೊಂಡೆ.

ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಕೂಡ ಜೇಬಿನಲ್ಲಿತ್ತು. ಮುಂದಿನ ಮಡ್‌ಗಾರ್ಡಿನ ಕೆಳಗಿನ ಒಂದು ಗೇಣಿನಲ್ಲಿ ಎಲ್ಲೂ ಹಿಡಿಯಲಿಲ್ಲ. ಪೂರ್ತಿ ಪುಟ್ಟಿ. ಆದರೆ ಮಡ್‌ಗಾರ್ಡ್ ದೊಡ್ಡ ವಿಷಯವಲ್ಲ, ಬೋಲ್ಟ್ ಬಿಚ್ಚಿ ಹೊಸದು ಹಾಕಬಹುದು. ಕಣ್ಣಿಗೆ ಕಾಣದ ಜಾಗಗಳೇ ದುಡ್ಡು ತಿನ್ನುವುದು. ಮುಂದಿನ ಸೀಟುಗಳ ಕೆಳಗೆ ಅಡ್ಡಲಾಗಿ ಹೋಗುವ ಕ್ರಾಸ್ ಮೆಂಬರ್, ಹಿಂದಿನ ಸ್ಪ್ರಿಂಗುಗಳನ್ನು ಬಾಡಿಗೆ ಹಿಡಿದಿಡುವ ಹ್ಯಾಂಗರ್, ಬಾಗಿಲ ಕೆಳಗಿನ ಸಿಲ್. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅಂದರೆ ಇವು ಹೋದರೆ ಕಾರೇ ಹೋದಂತೆ. ತುಕ್ಕು ತಡೆಯಲು ಅಡಿಗೆ ಬಳಿದಿದ್ದ ಅಂಡರ್‌ಸೀಲ್ ಕೆರೆದು ಸ್ಕ್ರೂಡ್ರೈವರ್ ಒತ್ತಿದೆ. ನೆಲ ಹಪ್ಪಳದ ಹಾಗೆ ಪುಡಿಯಾಯಿತು. ಹಿಂದೆ ಯಾವುದೋ ಗ್ಯಾರೇಜಿನವರು ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಕೂರಿಸಿ ವೆಲ್ಡ್ ಹೊಡೆದು ಬಣ್ಣ ಬಳಿದಿದ್ದರು. ಒಳಗೆ ನೀರು ನಿಂತೂ ನಿಂತೂ ಕೆಂಪು ಮಣ್ಣಾಗಿತ್ತು.

ವೆಲ್ಡಿಂಗ್ ನನಗೆ ಬರುವುದಿಲ್ಲ. ಬರುವವರಿಗೆ ಕೊಟ್ಟೆ. ಬಿಲ್ಲು 3,800 ಪೌಂಡ್. ಕಾರಿನ ಬೆಲೆಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಆ ವರ್ಷ ನಾವು ಯಾರೂ ಊರಿಗೆ ಹೋಗಲಿಲ್ಲ. ಆ ಟಿಕೆಟ್ ದುಡ್ಡೇ ಸಿಲ್ ಆಗಿ ಕೂತಿದೆ ಅಂತ ಹೆಂಡತಿ ಇವತ್ತಿಗೂ ಅತಿಥಿಗಳಿಗೆ ತೋರಿಸುತ್ತಾಳೆ.

ಇಷ್ಟಾದ ಮೇಲೆ ಬಂತು ಬ್ರೇಕ್. ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗೆ ಇಳಿಯುತ್ತಿತ್ತು. ಸಿಲಿಂಡರಿನ ರಬ್ಬರ್ ಸೀಲ್ ಹೋಗಿದೆ ಅಂತ ಅರ್ಥ. ಈ ಕಾರಿನಲ್ಲಿ ಬ್ರೇಕ್ ಲೈನ್ ಒಂದೇ ಸರ್ಕ್ಯೂಟ್. ಈ ಸಿಲಿಂಡರ್ ಕೈಕೊಟ್ಟರೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇಲ್ಲ, ಹ್ಯಾಂಡ್‌ಬ್ರೇಕೇ ಗತಿ. ಹಾಗಾಗಿ ಮುಂದೂಡುವ ಮಾತೇ ಇಲ್ಲ.

ಸಿಲಿಂಡರನ್ನು ಹಿಡಿದಿರುವುದು ಎರಡು ಉದ್ದನೆಯ ಬೋಲ್ಟು. ಅವು ಚಾಸಿಸ್ ಪಟ್ಟಿಯನ್ನೂ ಸಿಲಿಂಡರನ್ನೂ ತೂರಿಕೊಂಡು ಹೋಗುತ್ತವೆ. ನಟ್ ಬಿಚ್ಚಿದೆ. ಬೋಲ್ಟ್ ಎಳೆದೆ. ಸ್ವಲ್ಪ ಬಂತು, ಟಣ್ ಅಂತ ನಿಂತಿತು. ಎದುರಿಗೆ ಟಾರ್ಷನ್ ಬಾರ್! ಮೈನರ್‌ನ ಮುಂದಿನ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗ್ ಇಲ್ಲ. ಉದ್ದಕ್ಕೂ ಮಲಗಿರುವ ಉಕ್ಕಿನ ಸಲಾಕೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಆ ಸಲಾಕೆ ಬೋಲ್ಟಿನ ದಾರಿಗೇ ಅಡ್ಡ. ಅಂದರೆ ಬ್ರೇಕಿನ ರಬ್ಬರ್ ಸೀಲ್ ಬದಲಿಸಲು ಮುಂದಿನ ಸಸ್ಪೆನ್ಷನ್ ಸಡಿಲಿಸಬೇಕು. ಜ್ಯಾಕ್ ಕೊಟ್ಟು ಕೆಳಗಿನ ತೋಳಿಗೆ ಆಸರೆ ಇಟ್ಟು, ತಿರುಚಿಕೊಂಡಿರುವ ಸಲಾಕೆಯ ಬಿಗಿ ಇಳಿಸಬೇಕು. ಎಚ್ಚರ ತಪ್ಪಿದರೆ ಕೈ ಮುರಿಯುವಷ್ಟು ಶಕ್ತಿ ಅದರಲ್ಲಿದೆ.

ಈ ಕಾರನ್ನು ವಿನ್ಯಾಸ ಮಾಡಿದ ಅಲೆಕ್ ಇಸಿಗೊನಿಸ್ ಆಮೇಲೆ ಮಿನಿ ಮಾಡಿ ಜಗತ್ಪ್ರಸಿದ್ಧರಾದವರು. ಜಾಣರು, ಒಪ್ಪಿದೆ. ಆದರೆ ಆ ವಾರಾಂತ್ಯ ತಣ್ಣನೆಯ ಕಾಂಕ್ರೀಟ್ ಮೇಲೆ ಅಂಗಾತ ಮಲಗಿ, ಬ್ರೇಕ್ ಆಯಿಲ್ ತೋಳಿನೊಳಗೆ ಇಳಿಯುತ್ತಿದ್ದಾಗ ಅವರಿಗೆ ಕೊಟ್ಟ ಬಿರುದುಗಳನ್ನು ಇಲ್ಲಿ ಬರೆಯುವಂತಿಲ್ಲ. ವಾಪಸ್ ಕೂರಿಸುವಾಗ ಬೋಲ್ಟುಗಳನ್ನು ಉಲ್ಟಾ ದಿಕ್ಕಿನಿಂದ ಹಾಕಿದೆ. ಹಳೇ ಮೈನರ್ ಮೆಕ್ಯಾನಿಕ್‌ಗಳ ಉಪಾಯ ಇದು. ಮುಂದಿನ ಸಲ ಸಲಾಕೆ ಮುಟ್ಟದೆಯೇ ಬೋಲ್ಟ್ ಈಚೆಗೆ ಬರುತ್ತದೆ. ನೀವು ಕೊಳ್ಳಲು ಹೋದಾಗ ಕಾರಿನ ಕೆಳಗೆ ಬಗ್ಗಿ ಇದೊಂದನ್ನು ನೋಡಿ. ಉಲ್ಟಾ ಇದ್ದರೆ, ಹಿಂದಿನವರು ಕೆಲಸ ಗೊತ್ತಿದ್ದವರು.

ಇಷ್ಟು ಬೈದವನು ಇನ್ನೂ ಯಾಕೆ ಮಾರಿಲ್ಲ? ಉಳಿದ ಕೆಲಸವೆಲ್ಲ ಅಷ್ಟು ಸಲೀಸು, ಅದಕ್ಕೆ. ಮೊದಲು ಈ ಕಾರಿಗೆ ಅಡ್ಡಡ್ಡ ಮಲಗುವ ಫ್ಲಾಟ್ ಫೋರ್ ಇಂಜಿನ್ ಹಾಕುವ ಯೋಚನೆ ಇತ್ತು. ಅದು ಕೈಬಿಟ್ಟುಹೋಯಿತು, ಜಾಗ ಮಾತ್ರ ಉಳಿಯಿತು. ಈಗಿರುವ ಸಣ್ಣ ಇಂಜಿನ್ನಿನ ಎರಡೂ ಪಕ್ಕ ಮೊಣಕೈವರೆಗೆ ಕೈ ಹೋಗುತ್ತದೆ. ಪ್ಲಗ್, ಡಿಸ್ಟ್ರಿಬ್ಯೂಟರ್, ಡೈನಮೊ ಎಲ್ಲ ನಿಂತುಕೊಂಡೇ ಬಿಚ್ಚಬಹುದು. ಬಾನೆಟ್ ನಡುವೆ ಒಂದು ಚಪ್ಪಟೆ ಪಟ್ಟಿ ಇದೆಯಲ್ಲ, ಅದಕ್ಕೂ ಕಥೆ ಇದೆ. ಎಲ್ಲ ತಯಾರಾದ ಮೇಲೆ ಕಾರು ಸಪೂರ ಆಯಿತು ಅನ್ನಿಸಿ, ಇಸಿಗೊನಿಸ್ ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ ನಾಲ್ಕು ಇಂಚು ಅಗಲ ಮಾಡಿಸಿದರು. ಆ ನಾಲ್ಕು ಇಂಚೇ ಬಾನೆಟ್ ಮೇಲಿನ ಪಟ್ಟಿ. ಒರೆಸುವಾಗೆಲ್ಲ ಕೈ ಅಲ್ಲೊಂದು ಕ್ಷಣ ನಿಲ್ಲುತ್ತದೆ.

ಬೆಳಗ್ಗೆ ಸ್ಟಾರ್ಟ್ ಮಾಡುವುದು ನನಗೆ ದಿನದ ಒಳ್ಳೆಯ ಹೊತ್ತು. ಕೀ ತಿರುಗಿಸಿದರೆ ಇಂಜಿನ್ ಸುಮ್ನೆ ಇರುತ್ತದೆ. ಪೆಟ್ರೋಲ್ ಪಂಪ್ ಮಾತ್ರ ಟಿಕ್ ಟಿಕ್ ಟಿಕ್ ಅನ್ನುತ್ತದೆ. ಕಾರ್ಬುರೇಟರ್ ತುಂಬುವವರೆಗೆ ಬಡಿದುಕೊಂಡು ತಾನೇ ನಿಲ್ಲುತ್ತದೆ. ಟಿಕ್ ನಿಲ್ಲಲಿಲ್ಲ ಅಂದರೆ ಎಲ್ಲೋ ಸೋರುತ್ತಿದೆ ಅಂತ. ನಿಂತ ಮೇಲೆ ಚೋಕ್ ಎಳೆದು, ಸ್ಟಾರ್ಟರ್ ಗುಂಡಿ ಎಳೆಯಬೇಕು. ಒತ್ತುವುದಲ್ಲ, ಎಳೆಯುವುದು. ಚಳಿಗಾಲದಲ್ಲೂ ಹೆಚ್ಚು ಸತಾಯಿಸಿಲ್ಲ. ಓಡುವಾಗ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಿಂದ ಪುರ್ರ್ ಅಂತ ಒಂದು ಸದ್ದು. ಮಗಳು ಅದನ್ನು ಕೇಳಲೆಂದೇ ಇಳಿಜಾರು ಇರುವ ದಾರಿಯಲ್ಲಿ ಹೋಗಿಸುತ್ತಾಳೆ.

ಭಾನುವಾರ ಗ್ರೀಸ್ ಹೊಡೆಯುವ ದಿನ. ಮುಂದಿನ ಚಕ್ರ ಎತ್ತಿ, ನಿಪ್ಪಲ್ ಒರೆಸಿ, ಗನ್ ಕಚ್ಚಿಸಿ ಒತ್ತಿದರೆ ಹಳೇ ಕಪ್ಪು ಗ್ರೀಸ್ ಅಂಚಿನಲ್ಲಿ ಉಬ್ಬಿ ಬರುತ್ತದೆ. ಹೊಸದರ ಬಣ್ಣ ಕಾಣುವವರೆಗೆ ಒತ್ತುತ್ತೇನೆ. ಇದು ಶೋಕಿಯಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಕೆಳಗಿನ ಕೀಲಿನ (ಟ್ರನಿಯನ್) ತಿರುಪಿನ ಎಳೆ ಒಣಗಿ ಸವೆದರೆ ಚಕ್ರ ಮಡಚಿಕೊಂಡು ಕಾರಿನ ಮೂತಿ ರಸ್ತೆಗೆ ಬೀಳುತ್ತದೆ. ಮೈನರ್‌ನ ಹೆಸರುವಾಸಿ ಕಾಯಿಲೆ ಇದು. ನಾನು ಸಾವಿರ ಮೈಲಿ ಕಾಯುವುದಿಲ್ಲ, ಅದಕ್ಕೂ ಮುಂಚೆಯೇ ಹೊಡೆಯುತ್ತೇನೆ.

ಹಾಸನದ ಸೋದರಮಾವ ಬಹಳ ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ವಿಡಿಯೋ ಕಾಲ್‌ನಲ್ಲಿ ನನ್ನ ಅವತಾರ ನೋಡಿ, "ಏನೋ ಇದು, ಇಂಗ್ಲೆಂಡಿಗೆ ಹೋಗಿ ಗ್ರೀಸ್ ಹೊಡೀತಿದ್ದೀಯಾ?" ಅಂದರು. "ಮಾವ, ನಿಮ್ಮ ಗಾಡಿಯ ತಂಗಿ ಇದು" ಅಂದೆ. ಸುಳ್ಳಲ್ಲ. ಅಂಬಾಸಿಡರ್ ಅಂದರೆ ಕೌಲಿಯ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದನ್ನೇ ಹಿಂದೂಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ಮಾಡಿದರು. ಫೋನ್ ಹತ್ತಿರ ಹಿಡಿಯಲು ಹೇಳಿ ಎಸ್‌ಯು ಕಂಪನಿಯ ಕಾರ್ಬುರೇಟರ್ ನೋಡಿದರು. "ಅದರ ತಲೆ ಮೇಲಿನ ಮುಚ್ಚಳ ಬಿಚ್ಚಿ ಎಣ್ಣೆ ನೋಡಿದ್ದೀಯೇನೋ?" ಅದು ಅವರ ಮೊದಲ ಪ್ರಶ್ನೆ. ನೋಡಿದರೆ ಒಣಗಿತ್ತು. ಎಣ್ಣೆ ಬಿಟ್ಟ ಮೇಲೆ ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸುವುದು ನಿಂತಿತು. ಆಗಿನಿಂದ ಭಾನುವಾರ ಅವರೇ ಫೋನ್ ಮಾಡುತ್ತಾರೆ. ನನ್ನ ಆರೋಗ್ಯ ಕೇಳುವುದು ಕಡಿಮೆಯಾಗಿದೆ.

ಓಡಿಸುವುದು? ಸ್ಟೀರಿಂಗ್ ಈಗಿನ ಎಷ್ಟೋ ಕಾರುಗಳಿಗಿಂತ ಚೂಟಿ. ತಿರುವಿನಲ್ಲಿ ಹೇಳಿದ ಕಡೆ ಹೋಗುತ್ತದೆ. ವೇಗ ಕೇಳಬೇಡಿ. ಮೋಟಾರ್‌ವೇಗೆ ನಾನು ಹೋಗುವುದಿಲ್ಲ, ಲಾರಿಗಳು ಬೆನ್ನಿಗೆ ಅಂಟಿಕೊಳ್ಳುತ್ತವೆ. ನನ್ನ ವರ್ಷದ ಮಾಡೆಲ್‌ನಲ್ಲಿ ಮಿನುಗುವ ಇಂಡಿಕೇಟರ್ ಇಲ್ಲ. ಬಾಗಿಲ ಪಕ್ಕದ ಕಂಬದಿಂದ ಪುಟ್ಟ ಕೈ ಹೊರಗೆ ಏಳುತ್ತದೆ. ಒಮ್ಮೊಮ್ಮೆ ಏಳುವುದಿಲ್ಲ. ಆಗ ಒಳಗಿನಿಂದ ಕಂಬಕ್ಕೊಂದು ಗುದ್ದು ಕೊಡಬೇಕು. ಆ ಕೆಲಸ ಮಗಳದು. ಹಿಂದಿನ ಡ್ರೈವರಿಗೆ ಅದು ಕಾಣುತ್ತದೆ ಅನ್ನುವ ನಂಬಿಕೆ ನನಗಿಲ್ಲ, ಕಿಟಕಿಯಿಂದ ನನ್ನ ಕೈಯನ್ನೂ ಚಾಚುತ್ತೇನೆ.

ಮಕ್ಕಳಿರುವವರು ಗಮನಿಸಿ. ಆ ಕಾಲದ ಕಾರಿಗೆ ಸೀಟ್ ಬೆಲ್ಟ್ ಕಾನೂನಿನಲ್ಲಿ ಬೇಕಿಲ್ಲ. ಆದರೆ ಬೆಲ್ಟ್ ಇಲ್ಲದ ಕಾರಿನಲ್ಲಿ ಮೂರು ವರ್ಷದೊಳಗಿನ ಮಗುವನ್ನು ಕೂರಿಸುವಂತಿಲ್ಲ, ಅದಕ್ಕಿಂತ ದೊಡ್ಡ ಮಕ್ಕಳು ಹಿಂದಿನ ಸೀಟಿನಲ್ಲೇ ಕೂರಬೇಕು. ನಾನು ವೆಲ್ಡಿಂಗ್ ಮಾಡಿಸುವಾಗಲೇ ಬೆಲ್ಟಿನ ಗಟ್ಟಿ ಪ್ಲೇಟುಗಳನ್ನೂ ಹಾಕಿಸಿದೆ. ಆಮೇಲೆ ಹಾಕಿಸಿದರೆ ಮತ್ತೆ ಬಣ್ಣ ಕೆಡುತ್ತದೆ.

ಖರ್ಚು ನನ್ನಂಥವರಿಗೆ ತಡೆದುಕೊಳ್ಳುವಂಥದ್ದು. ರೋಡ್ ಟ್ಯಾಕ್ಸ್ ಇಲ್ಲ, ಆದರೆ ಪ್ರತಿ ವರ್ಷ ಅರ್ಜಿ ಹಾಕಲೇಬೇಕು. ಕಡ್ಡಾಯವಲ್ಲದಿದ್ದರೂ ಎಂಒಟಿ ಮಾಡಿಸುತ್ತೇನೆ, ಬೇರೆಯವರ ಕಣ್ಣು ಕಾರಿನ ಕೆಳಗೆ ಬೀಳಲಿ ಅಂತ. ಬಿಡಿಭಾಗ ಎಲ್ಲ ಸಿಗುತ್ತದೆ, ಅದೂ ಕಡಿಮೆ ಬೆಲೆಗೆ. ಪೆಟ್ರೋಲ್ ಮಾತ್ರ ಎಥನಾಲ್ ಕಡಿಮೆ ಇರುವ ದುಬಾರಿಯ ಇ5 ಹಾಕುತ್ತೇನೆ. 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲ್ ಇ10 ಆಗಿದೆ, ಅದರ ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಇನ್ನೊಂದು: ಈ ಕಾರಿನಲ್ಲಿ ಬಾಡಿಗೆ ಜೋಡಿಸಿ ಅರ್ತ್ ಮಾಡಿರುವುದು ಬ್ಯಾಟರಿಯ ಪಾಸಿಟಿವ್, ಈಗಿನ ಕಾರುಗಳ ಹಾಗೆ ನೆಗೆಟಿವ್ ಅಲ್ಲ. ಪಕ್ಕದ ಮನೆಯವರು ಜಂಪ್ ಲೀಡ್ ಹಿಡಿದು ಪ್ರೀತಿಯಿಂದ ಓಡಿ ಬಂದರೆ ಮೊದಲು ತಡೆಯಿರಿ.

ಕಾರು ನಿಲ್ಲಿಸಲು ಸೂರಿಲ್ಲದಿದ್ದರೆ ಕೊಳ್ಳಬೇಡಿ. ಇಲ್ಲಿನ ಮಳೆಗೆ ಹೊಸ ವೆಲ್ಡಿಂಗ್ ಕೂಡ ಜಾಸ್ತಿ ವರ್ಷ ಬಾಳುವುದಿಲ್ಲ. ಇನ್ನು ಮೈನರ್‌ನದೇ ಇನ್ನೊಂದು ಮಾದರಿ, ಮರದ ಚೌಕಟ್ಟಿನ ಟ್ರಾವೆಲರ್ ನೋಡಿ ಮನಸ್ಸು ಹೋದರೆ ಒಂದು ದಿನ ತಡೆಯಿರಿ. ಆ ಮರ ಬರೀ ಚಂದಕ್ಕೆ ಹಾಕಿದ್ದಲ್ಲ, ಕಾರಿನ ಹಿಂಭಾಗವನ್ನು ಅದೇ ಹೊತ್ತಿರುತ್ತದೆ. ಕೊಳೆತರೆ ವೆಲ್ಡರ್ ಜೊತೆಗೆ ಬಡಗಿಯನ್ನೂ ಹುಡುಕಬೇಕು. ಮೊದಲ ಸಲಕ್ಕೆ ಸಲೂನೇ ಸಾಕು, ಸಿಕ್ಕರೆ ನಾಲ್ಕು ಬಾಗಿಲಿನದು. ಹಿಂದೆ ಕೂರುವವರ ಗೊಣಗಾಟವಾದರೂ ತಪ್ಪುತ್ತದೆ.